ಒಂದನೇ ಸಂಚಿಕೆ ಇಲ್ಲದ ಪತ್ರಿಕೆ

ನಮ್ಮ ಸೋದರಮಾವ ಕೂತದ್ದನ್ನು ಕಂಡವರು ಭದ್ರಾವತಿಯಲ್ಲಿ ಯಾರೂ ಇಲ್ಲ! ಕಾಗದನಗರದ ಎರಡು ಕೋಣೆಯ ಕ್ವಾರ್ಟರ್ಸಿನಿಂದ ಅವರು ಹೊರಡಿಸುವ ಅಖಿಲ ಭಾರತ ಕವಿತಾ ಪತ್ರಿಕೆಯನ್ನೂ ನಿಂತೇ ಸಂಪಾದಿಸುತ್ತಾರೆ. ಅಖಿಲ ಭಾರತ ಹೇಗೆ ಅಂತೀರಾ? ಪುಣೆಯಲ್ಲೊಬ್ಬರು ಚಂದಾದಾರರಿದ್ದಾರೆ.

ಕವಿತೆ ತಿರಸ್ಕರಿಸಿದರೆ ಕವಿತೆಗಿಂತ ಉದ್ದದ ಕಾಗದ ಬರೆಯುವುದು ಮಾವನ ಪದ್ಧತಿ. ಶಿವಮೊಗ್ಗದ ದುರ್ಗಿಗುಡಿಯ ಮೇಷ್ಟ್ರೊಬ್ಬರು ಆ ಕಾಗದದ ಆಸೆಗೇ ಕೆಟ್ಟ ಕವಿತೆ ಕಳಿಸುತ್ತಿದ್ದರು. ಒಮ್ಮೆ ಕೈತಪ್ಪಿ ಒಳ್ಳೆಯದೊಂದು ಬರೆದುಬಿಟ್ಟರು, ಅಚ್ಚಾಯಿತು. ಮೇಷ್ಟ್ರು ಮೂರು ತಿಂಗಳು ಮಾತು ಬಿಟ್ಟರು!

ಈಗ ಮಾವನಿಗೆ ವಯಸ್ಸಾಯಿತು. ಮುಂದಿನದೇ ಕೊನೆಯ ಸಂಚಿಕೆ. ಅದರಲ್ಲಿ ಪತ್ರಿಕೆಯ ಚರಿತ್ರೆ ಬರಲೇಬೇಕು. ಬರೆಯುವವನು ನಾನು, ಶಿವಮೊಗ್ಗದ ದಿನಪತ್ರಿಕೆಯೊಂದರ ಉಪಸಂಪಾದಕ. ಕಣ್ಣಾರೆ ನೋಡದ್ದನ್ನು ಬರೆಯೋಲ್ಲ ಎಂದೆ. ಹಳೆಯ ಸಂಚಿಕೆಗಳ ಕಟ್ಟು ತಂದು ಸುರಿದರು. ಎರಡನೆಯದರಿಂದ ಎಲ್ಲ ಇವೆ.

“ಒಂದನೇದು ಎಲ್ಲಿ ಮಾವ?”

“ಅದನ್ನ ಬಿಟ್ಟು ಬರಿ ಮಾರಾಯ.”

“ಹುಟ್ಟನ್ನೇ ಬಿಟ್ಟು ಎಂಥ ಚರಿತ್ರೆ?”

“ಎರಡರಿಂದಲೇ ಶುರುವಾಯ್ತು ಅಂತ ಬರಿ. ಒಂದನೇದನ್ನ ಯಾರು ನಂಬ್ತಾರೆ? ಎರಡನೇದು ಬಂತು ಅಂದ್ರೆ ಪತ್ರಿಕೆ ಬದುಕಿದೆ ಅಂತ ಅರ್ಥ!”

ನಾನು ಒಪ್ಪಲಿಲ್ಲ. ಗೋಪಾಳ ಬಡಾವಣೆಯ ಮುದ್ರಕ ಎರಡು ಸಲ ಫೋನು ಮಾಡಿದ: “ಚರಿತ್ರೆಯ ನಾಲ್ಕು ಪುಟ ಖಾಲಿ ಬಿಡ್ಲಾ ಸಾರ್?” ಮಾವ ಅಡುಗೆಮನೆಗೂ ಹೊರಬಾಗಿಲಿಗೂ ಓಡಾಡತೊಡಗಿದರು.

“ಒಂದು ಕಡೆ ಕೂತ್ಕೊಳ್ರೀ, ನೆಲ ಸವೀತದೆ!” ಎಂದು ಗದರಿದ ಅತ್ತೆ, ಬೀರುವಿನ ಸೀರೆಗಳ ನಡುವಿಂದ ದಾರದಲ್ಲಿ ಹೊಲಿದ ಎಂಟು ಹಾಳೆ ತಂದು ನನ್ನ ಮುಂದಿಟ್ಟರು. ಮಾವನ ಕೈಬರಹ. ಸಂಚಿಕೆ: ಒಂದು. ಪ್ರತಿ: ಒಂದು. ಓದುಗರು: ಆಗಷ್ಟೇ ಮದುವೆ ನಿಶ್ಚಯವಾಗಿದ್ದ ಹುಡುಗಿ, ನಮ್ಮ ಅತ್ತೆ.

“ಇಟ್ಕೊಂಡಿದ್ದೀಯಾ!” ಮಾವ ನಿಂತಲ್ಲೇ ನಿಂತರು. “ಅವತ್ತು ಒಂದು ಮಾತೂ ಹೇಳ್ಲಿಲ್ಲವಲ್ಲೇ. ನಿನಗೆ ಹಿಡಿಸ್ಲಿಲ್ಲ ಅಂದ್ಕೊಂಡೇ ಎರಡನೇದನ್ನ ಊರಿಗೆಲ್ಲ ಹಂಚಿದ್ದು.”

“ಕಾಗದ ಬರೆದಿದ್ದೆ. ನಿಮ್ಮಂಗೆ ಬರೆಯೋಕೆ ಬರಲ್ಲ ಅಂತ ಕಳಿಸ್ಲಿಲ್ಲ.”

ಕಾಗದ ಕೊನೆಯ ಹಾಳೆಯೊಳಗೇ ಇತ್ತು. ಎರಡೇ ಸಾಲು. ಮಾವ ಓದಿದರು, ಮತ್ತೆ ಓದಿದರು. ಉತ್ತರ ಬರೆಯಲು ಪೆನ್ನು ಕೇಳಿದರು. ಅತ್ತೆ ಕುರ್ಚಿ ಸರಿಸಿದರು.

ಕಣ್ಣಾರೆ ನೋಡಿದ್ದನ್ನೇ ಬರೆಯುತ್ತಿದ್ದೇನೆ: ಮಾವ ಕೂತರು.