ಬಿಡಿ ಎಂದರೆ ಬಿಡುವ ಬ್ರೇಕು

ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು ತನ್ನ ಕಾರಿನ ಬ್ರೇಕು ಸರಿಮಾಡಲು ಇನ್ನೊಬ್ಬರನ್ನು ಕರೆದರೆ ಆ ಶಾಸ್ತ್ರ ತಲೆ ಎತ್ತಿಕೊಂಡು ತಿರುಗುವುದು ಹೇಗೆ? ಭಾನುವಾರ ಬೆಳಿಗ್ಗೆ ತಿಂಡಿ ತಟ್ಟೆ ತೊಳೆಯುವ ಮೊದಲೇ ಪ್ರೊಫೆಸರಮ್ಮ ಈ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯದೆ ಸೀರೆಯ ಮೇಲೊಂದು ಹಳೆಯ ಶರ್ಟು ತೊಟ್ಟು ಅಂಗಳಕ್ಕಿಳಿದರು.

ಆತುರಕ್ಕೆ ಕಾರಣವಿತ್ತು. ಶುಕ್ರವಾರ ಅವರು ಬ್ರೇಕು ಒತ್ತಿದಾಗ ಪೆಡಲು ದಿಂಬಿನ ಹಾಗೆ ಮೆತ್ತಗೆ ಕುಸಿದು, ಕಾರು ತನಗೆ ತೋಚಿದಲ್ಲಿ, ಅಂದರೆ ಅವರದೇ ಮನೆಯ ಗೇಟಿಗೆ ಮುತ್ತಿಟ್ಟು ನಿಂತಿತ್ತು. ಪಕ್ಕದ ಸೀಟಿನಲ್ಲಿದ್ದ ಮಗಳು ಅಲ್ಲೇ ತೀರ್ಪು ಕೊಟ್ಟಿದ್ದಳು.

“ಭಾನುವಾರ ನಾಲ್ಕು ಗಂಟೆಗೆ ಬರ್ತೀನಿ. ಅಷ್ಟರಲ್ಲಿ ಬ್ರೇಕ್ ಸರಿಯಾಗಿಲ್ಲಾಂದ್ರೆ ಕೀ ನನ್ನ ಕೈಗೆ. ಆಮೇಲೆ ನೀನು ಎಲ್ಲಿಗೆ ಹೋಗ್ಬೇಕಾದ್ರೂ ನನಗೆ ಫೋನ್ ಮಾಡು, ಬಿಡುವಾದಾಗ ಕರ್ಕೊಂಡು ಹೋಗ್ತೀನಿ.”

ಅರವತ್ತೆಂಟು ವರ್ಷ ಯಾರನ್ನೂ ಕೇಳದೆ ಹೊಸಿಲು ದಾಟಿದ ಹೆಂಗಸು ಇನ್ನು ಮುಂದೆ ಲೈಬ್ರರಿಗೆ ಹೋಗಲು ಮಗಳ ಬಿಡುವನ್ನು ಕಾಯಬೇಕು. ಅದಕ್ಕಿಂತ ಕಾರಿನಡಿ ಮಲಗುವುದು ಗೌರವ.

“ಕೀಚಲು ಸದ್ದು ಬಂದರೆ ಪ್ಯಾಡ್ ಸವೆದಿದೆ,” ಎಂದು ಅವರು ಬಾನೆಟ್ ಎತ್ತುತ್ತ ಯಜಮಾನರಿಗೆ ಪಾಠ ಶುರುಮಾಡಿದರು. “ಕಾರು ಒಂದು ಪಕ್ಕಕ್ಕೆ ಎಳೆದರೆ ಯಾವುದೋ ಚಕ್ರ ಕಚ್ಚಿಕೊಂಡಿದೆ. ಪೆಡಲು ಮೆತ್ತಗಾದರೆ ಪೈಪಿನೊಳಗೆ ಗಾಳಿ ಸೇರಿದೆ. ತಿಳೀತಾ?”

“ಪರೀಕ್ಷೆಗೆ ಬರುತ್ತಾ?” ಎಂದರು ಯಜಮಾನರು.

ಅವರು ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಹೇಳಿದ್ದನ್ನು ಒಂದಕ್ಷರವೂ ಹೆಚ್ಚು ಕಡಿಮೆಯಿಲ್ಲದೆ ಪಾಲಿಸುವುದು ಅವರ ವೃತ್ತಿಧರ್ಮ.

ರೋಗ ಸಿಕ್ಕಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಬ್ರೇಕ್ ಎಣ್ಣೆ ಗೆರೆಗಿಂತ ಕೆಳಗಿತ್ತು. ಎಡ ಮುಂಚಕ್ರ ಬಿಚ್ಚಿದರೆ ಅದರ ಹಿಂದಿನ ರಬ್ಬರ್ ಪೈಪು ಬಿರುಕುಬಿಟ್ಟು ಜಿನುಗುತ್ತಿತ್ತು. ಹೊಸ ಪೈಪು ತರಿಸಿ, ಹನ್ನೆರಡೂವರೆಗೆ ಕೂರಿಸಿಯೂ ಆಯಿತು. ಇನ್ನುಳಿದದ್ದು ಒಳಗಿನ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಒಳಗೆ ಕೂತವರು ಪೆಡಲು ಒತ್ತಿ ಹಿಡಿಯಬೇಕು. ಹೊರಗಿನವರು ಚಕ್ರದ ಬಳಿಯ ಪುಟ್ಟ ಸ್ಕ್ರೂ ಸಡಿಲಿಸಿದರೆ ಗಾಳಿ ಎಣ್ಣೆಯ ಜೊತೆ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ಸ್ಕ್ರೂ ಬಿಗಿಮಾಡಿದ ಮೇಲೆಯೇ ಪೆಡಲು ಬಿಡಬೇಕು. ಮುಂಚೆ ಬಿಟ್ಟರೆ ಹೋದ ಗಾಳಿ ತವರಿಗೆ ಬಂದ ಹಾಗೆ ವಾಪಸು ಬಂದು ಕೂರುತ್ತದೆ.

“ನಾನು ‘ಒತ್ತಿ’ ಅಂದ್ರೆ ಒತ್ತಿ ಹಿಡೀಬೇಕು. ‘ಬಿಡಿ’ ಅಂದ್ರೆ ಬಿಡಬೇಕು. ಅಷ್ಟೇ ಕೆಲಸ.”

“ಅಷ್ಟೇನಾ,” ಎಂದು ಯಜಮಾನರು ಸ್ಟಿಯರಿಂಗ್ ಹಿಂದೆ ಕೂತರು.

“ಒತ್ತಿ.”

ಯಜಮಾನರು ಒತ್ತಿದರು. ಪ್ರೊಫೆಸರಮ್ಮ ಸ್ಕ್ರೂ ಸಡಿಲಿಸಿದರು. ಗುಳ್ಳೆ ಹೊರಟಿತು. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಜಡ್ಜ್ ಕಾಂಪೌಂಡಿನ ಮೇಲೆ ತಲೆಯಿಟ್ಟು, “ಇದೆಲ್ಲ ಯಾಕೆ ಮೇಡಂ, ಗ್ಯಾರೇಜಿಗೆ ಕೊಟ್ಟುಬಿಡಿ,” ಎಂದರು.

ಯಜಮಾನರು ಬಿಟ್ಟರು. ಗಾಳಿ ಒಳಗೆ ಬಂತು.

ಎರಡನೆಯ ಸಲ ಹೆಂಡತಿಯ ಕೈಯಿಂದ ಸ್ಪ್ಯಾನರ್ ಜಾರಿತು. “ಏನಾಯ್ತು?” ಎಂದು ಯಜಮಾನರು ಕೇಳಿದ್ದಕ್ಕೆ “ಏನಿಲ್ಲ ಬಿಡಿ” ಎಂಬ ಉತ್ತರ ಬಂತು. ಬಿಟ್ಟರು. ಮೂರನೆಯ ಸಲ ಪ್ರೊಫೆಸರಮ್ಮ ತಾಳ್ಮೆಗೆಟ್ಟು, “ನಿಮಗೆ ಹೇಳಿ ಪ್ರಯೋಜನವಿಲ್ಲ, ಬಿಡಿ,” ಎಂದರು. ಅದನ್ನೂ ಬಿಟ್ಟರು. ಗಂಟೆ ಎರಡಾಯಿತು. ಬಾಟಲಿಯ ಎಣ್ಣೆ ಕಡಿಮೆಯಾಗುತ್ತಿತ್ತು. ಪೈಪಿನ ಗಾಳಿ ಮಾತ್ರ ಇದ್ದಷ್ಟೇ ಇತ್ತು.

“ಮಾತಿನ ಕೊನೆಗೆ ಬರೋ ಬಿಡಿ ಬೇರೆ, ಬ್ರೇಕಿನ ಬಿಡಿ ಬೇರೆ ಅಂತ ಗೊತ್ತಾಗಲ್ವಾ ನಿಮಗೆ?”

“ಕಾಲಿಗೆ ವ್ಯಾಕರಣ ಗೊತ್ತಿಲ್ಲ,” ಎಂದರು ಯಜಮಾನರು ಶಾಂತವಾಗಿ. “ನಲವತ್ತೆರಡು ವರ್ಷದಿಂದ ನೀನು ಬಿಡಿ ಅಂದಿದ್ದನ್ನೆಲ್ಲ ಬಿಟ್ಟಿದ್ದೀನಿ. ಸಿಗರೇಟು ಬಿಡಿ ಅಂದೆ, ಬಿಟ್ಟೆ. ಇಸ್ಪೀಟು ಬಿಡಿ ಅಂದೆ, ಬಿಟ್ಟೆ. ಮೀಸೆ ಬಿಡಿ ಅಂದೆ, ಅದನ್ನೂ ಬಿಟ್ಟೆ, ನೋಡು, ಮೂಗಿನ ಕೆಳಗೇ ಇದೆ.”

“ಹಾಗಾದ್ರೆ ಬೇರೆ ಮಾತು ಇಟ್ಕೊಳ್ಳೋಣ. ‘ಸಾಕು’ ಅಂತೀನಿ.”

“ದಿನಕ್ಕೆ ನೂರು ಸಲ ಅಂತೀಯ.”

“‘ಸರಿ’?”

“ಅದು ನನ್ನ ಮಾತು. ಬಾಯಿತಪ್ಪಿ ನಾನೇ ಅಂದುಬಿಟ್ಟರೆ?” ಯಜಮಾನರು ಗಡ್ಡ ಕೆರೆದುಕೊಂಡರು. “ಅಪ್ಪಿತಪ್ಪಿಯೂ ನಿನ್ನ ಬಾಯಲ್ಲಿ ಬರದ ಮಾತು ಬೇಕು. ಒಂದಿದೆ. ‘ನನ್ನದೇ ತಪ್ಪು.’”

ಪ್ರೊಫೆಸರಮ್ಮ ಶರ್ಟಿನ ಅಂಚಿಗೆ ಎಣ್ಣೆಗೈ ಒರೆಸಿಕೊಂಡರು. ಕಾಂಪೌಂಡಿನಾಚೆ ಜಡ್ಜ್ ಇನ್ನಷ್ಟು ಮುಂದೆ ಬಾಗಿದರು. ಕೈಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು. ವಿಜ್ಞಾನದ ಮುನ್ನಡೆಗೆ ದೊಡ್ಡವರು ಏನೇನೋ ತ್ಯಾಗ ಮಾಡಿದ್ದಾರೆಂದು ತಮಗೆ ತಾವೇ ಹೇಳಿಕೊಂಡು ಪ್ರೊಫೆಸರಮ್ಮ ಸ್ಪ್ಯಾನರ್ ಎತ್ತಿಕೊಂಡರು.

“ಒತ್ತಿ.” ಗುಳ್ಳೆ ಬಂತು. ಸ್ಕ್ರೂ ಬಿಗಿಯಾಯಿತು. “ನನ್ನದೇ ತಪ್ಪು.”

ಯಜಮಾನರು ಗಂಭೀರವಾಗಿ ಕಾಲು ತೆಗೆದರು.

ಹನ್ನೊಂದು ಸಲ ಹೀಗೆ ನಡೆಯಿತು. ಇಷ್ಟೊಂದು ತಪ್ಪೊಪ್ಪಿಗೆಯನ್ನು ವೃತ್ತಿಯುದ್ದಕ್ಕೂ ಒಂದೇ ಬಾಯಿಂದ ಕೇಳಿರದ ಜಡ್ಜ್ ಕುರ್ಚಿ ತರಿಸಿಕೊಂಡು ಕೂತರು. ಹನ್ನೊಂದನೆಯದಕ್ಕೆ ಗುಳ್ಳೆ ನಿಂತು ಎಣ್ಣೆ ತಿಳಿಯಾಗಿ ಹರಿಯಿತು. ಪ್ರೊಫೆಸರಮ್ಮ ಎಣ್ಣೆಯನ್ನು ಗೆರೆಯವರೆಗೆ ತುಂಬಿ, ಚಕ್ರ ಹಾಕಿ, ಜಾಕ್ ಇಳಿಸಿದರು. ಉಳಿದದ್ದು ಒಂದೇ ಪರೀಕ್ಷೆ.

“ಗಟ್ಟಿಯಾಗಿ ಒತ್ತಿ ಹಿಡೀರಿ. ಎಲ್ಲಾದ್ರೂ ಜಿನುಗುತ್ತಾ ನೋಡ್ತೀನಿ.”

ಎಲ್ಲೂ ಒಂದು ಹನಿಯಿಲ್ಲ. ಅದೇ ಹೊತ್ತಿಗೆ ಗೇಟು ಸದ್ದಾಯಿತು. ನಾಲ್ಕು ಗಂಟೆ. ಮಗಳು ಬಂದವಳೇ ಕೈ ಚಾಚಿದಳು.

“ಕೀ.”

ಪ್ರೊಫೆಸರಮ್ಮ ಕೀ ಕೊಡಲಿಲ್ಲ, ಪಾಠ ಕೊಟ್ಟರು. ದ್ರವಕ್ಕೂ ಗಾಳಿಗೂ ಇರುವ ವ್ಯತ್ಯಾಸದಿಂದ ಹಿಡಿದು ರಬ್ಬರಿನ ಮುಪ್ಪಿನವರೆಗೆ, ಇಪ್ಪತ್ತು ನಿಮಿಷ, ಬಿಡುವಿಲ್ಲದೆ.

“ಅಮ್ಮಾ, ಪಾಠ ಬೇಡ, ಪುರಾವೆ ಬೇಕು,” ಎಂದಳು ಮಗಳು.

“ಪುರಾವೆ ಇಲ್ಲಿದೆ,” ಎಂದು ಕಾರಿನೊಳಗಿಂದ ಕ್ಷೀಣ ದನಿ ಬಂತು. “ಇಪ್ಪತ್ತು ನಿಮಿಷದಿಂದ ಒತ್ತಿ ಹಿಡ್ಕೊಂಡಿದ್ದೀನಿ. ಕಾಲು ಜೋಮು ಹಿಡಿದಿದೆ. ಪೆಡಲು ಒಂದು ನೂಲೂ ಇಳಿದಿಲ್ಲ.”

ಮಗಳು ಬಗ್ಗಿ, ಅಪ್ಪನ ಮೊಣಕಾಲನ್ನು ಎರಡೂ ಕೈಯಿಂದ ಅದುಮಿ ನೋಡಿದಳು. ಕಲ್ಲು ಕದಲಿದರೂ ಆ ಪೆಡಲು ಕದಲುವಂತಿರಲಿಲ್ಲ. ಅವಳು ಮತ್ತೆ ಕೈ ಚಾಚಲಿಲ್ಲ.

“ಸರಿಯಮ್ಮ. ಗೆದ್ದೆ ನೀನು. ಕೀ ನಿನ್ನ ಹತ್ರಾನೇ ಇರಲಿ.”

ಪ್ರೊಫೆಸರಮ್ಮನ ಎದೆ ಪೆಡಲಿಗಿಂತ ಗಟ್ಟಿಯಾಯಿತು. “ಬಾ, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಓಡಿಸಿ ತೋರಿಸ್ತೀನಿ. ರೀ, ಇಳೀರಿ.”

ಯಜಮಾನರು ಅಲ್ಲಾಡಲಿಲ್ಲ.

“ಕಾಲು ತೆಗೀರಿ ಅಂದೆ. ಸಾಕು. ಬಿಡಿ.”

“ಆ ಮಾತು ರದ್ದಾಗಿದೆಯಲ್ಲ,” ಎಂದರು ಯಜಮಾನರು, ಕಣ್ಣು ರಸ್ತೆಯ ಮೇಲೆಯೇ ಇಟ್ಟು.

“ಯಾವ ಮಾತು? ಏನಪ್ಪಾ ಇದು?” ಎಂದಳು ಮಗಳು.

“ಹನ್ನೆರಡನೆಯದು ಬಾಕಿಯಿದೆ ಮೇಡಂ,” ಎಂದು ಕಾಂಪೌಂಡಿನಾಚೆಯಿಂದ ಜಡ್ಜ್ ನೆನಪಿಸಿದರು.

ಪ್ರೊಫೆಸರಮ್ಮ ಮಗಳನ್ನು ನೋಡಿದರು, ಜಡ್ಜರನ್ನು ನೋಡಿದರು, ಅಂಗೈಯಲ್ಲಿದ್ದ ಕೀಯನ್ನು ನೋಡಿದರು.

“ನನ್ನದೇ ತಪ್ಪು,” ಎಂದರು.

ಯಜಮಾನರು ಕಾಲು ತೆಗೆದರು.