ನಲವತ್ತು ನಿಮಿಷದ ಕೋಸು

ಫೆಬ್ರವರಿಯ ಆ ಶನಿವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಝೆನೋವಿ ಎಂಬ ಮಹಾಪುರುಷ ತನ್ನ ಮಗಳ ಮದುವೆಯನ್ನು ಕಾಪಾಡಲು ಟೊಂಕ ಕಟ್ಟಿ ನಿಂತ. ಅಷ್ಟು ಹೊತ್ತಿನವರೆಗೆ ಆ ಮದುವೆಗೆ ಯಾವ ಅಪಾಯವೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಝೆನೋವಿ ಪೇಟೆಯ ಬಸ್ ಡಿಪೋದಲ್ಲಿ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಚೀಟಿ ಬರೆಯುವವನು. ಮೂವತ್ತು ವರ್ಷದಿಂದ ಅದೇ ಕೆಲಸ. ಹಾಗಾಗಿ ಈ ಜಗತ್ತಿನಲ್ಲಿ ಯಾರು ಎಲ್ಲಿ ಎಷ್ಟು ನಿಮಿಷ ಹಾಳು ಮಾಡುತ್ತಿದ್ದಾರೆ ಎಂಬುದು ಅವನಿಗೆ ನೋಡಿದ ಕೂಡಲೇ ತಿಳಿಯುತ್ತಿತ್ತು. ಹೆಂಡತಿ ಸ್ತೆಫಾ ಬಟ್ಟೆ ಒಣಹಾಕುವುದರಲ್ಲಿ ಹನ್ನೊಂದು ನಿಮಿಷ ದಂಡ. ಚರ್ಚಿನಲ್ಲಿ ಪಾದ್ರಿಗಳು ಧೂಪ ಬೀಸುವುದರಲ್ಲಿ ಆರು. ಇದನ್ನೆಲ್ಲ ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಊರಿಗೆ ತೊಂದರೆ ಇರಲಿಲ್ಲ, ಆದರೆ ಅವನು ಪಾದ್ರಿಗಳಿಗೂ ಹೇಳಿದ್ದ.

ಅವತ್ತು ಮಧ್ಯಾಹ್ನ ಎರಡು ಗಂಟೆಗೆ ಮಗಳು ಒರಿಸ್ಲಾವಾಳನ್ನು ಕೇಳಲು ಗಂಡಿನ ಕಡೆಯವರು ಬರುವುದಿತ್ತು. ಹುಡುಗ ಯರೆಮಾ, ಪಕ್ಕದ ಹಳ್ಳಿಯ ದನದ ಡಾಕ್ಟರು. ಇಬ್ಬರೂ ಎರಡು ವರ್ಷದ ಹಿಂದೆಯೇ ಒಬ್ಬರನ್ನೊಬ್ಬರು ಒಪ್ಪಿಕೊಂಡಾಗಿತ್ತು. ಇನ್ನು ಹಿರಿಯರು ಬಂದು, ಉಂಡು, ಹೂಂ ಎನಿಸಿಕೊಂಡು ಹೋಗುವುದಷ್ಟೇ ಬಾಕಿ. ತಾಯಿ ಮಗಳು ಇಬ್ಬರೂ ಮೊದಲ ಬಸ್ಸಿಗೆ ಪೇಟೆಗೆ ಹೋಗಿದ್ದರು, ಒಬ್ಬಳಿಗೆ ಶಾಸ್ತ್ರದ ರೊಟ್ಟಿ ತರಬೇಕಿತ್ತು, ಇನ್ನೊಬ್ಬಳಿಗೆ ಕೂದಲು ಕಟ್ಟಿಸಬೇಕಿತ್ತು. ಒಂಬತ್ತೂಕಾಲಿಗೆ ಸ್ತೆಫಾಳ ಫೋನು ಬಂತು.

"ಝೆನೋ, ಬಸ್ಸು ಗುಡ್ಡದ ಕೆಳಗೆ ಕೆಟ್ಟು ನಿಂತಿದೆ. ನಾವು ಬರೋದು ಹನ್ನೆರಡಾಗುತ್ತೆ."

"ಯಾವ ನಂಬರಿನ ಬಸ್ಸು?"

"ನಂಬರ್ ಕಟ್ಕೊಂಡು ಏನ್ಮಾಡ್ತೀಯ, ಸುಮ್ನೆ ಕೇಳು. ನೆಲಮಾಳಿಗೆ ಪೀಪಾಯಿಂದ ಆರು ಕೋಸು ತೆಗೆದು ತಣ್ಣೀರಲ್ಲಿ ನೆನೆಹಾಕು. ಎರಡು ಸಲ ನೀರು ಬದಲಾಯಿಸು. ಎಲೆ ಹರೀದೆ ಬಿಡಿಸಿಡು. ಹತ್ತೂವರೆಗೆ ಪಕ್ಕದ್ಮನೆ ಯೆವ್ದೋಖಾ ಬಂದು ಸುತ್ತೋಕೆ ಶುರು ಮಾಡ್ತಾಳೆ. ಖೀಮಾ, ಅಕ್ಕಿ ಕಲೆಸಿಟ್ಟಿದ್ದೀನಿ. ಬೇರೆ ಏನೂ ಮುಟ್ಟಬೇಡ."

"ಮುಟ್ಟಲ್ಲ."

"ಏನೂ ಅಂದ್ರೆ ಏನೂ."

ಸುತ್ತುವುದು ಎಂದರೆ ಹೊಲುಬ್ತ್ಸಿ. ಕೋಸಿನ ಎಲೆಯಲ್ಲಿ ಖೀಮಾ, ಅಕ್ಕಿ ಇಟ್ಟು, ಸುರುಳಿ ಮಾಡಿ, ಪಾತ್ರೆಯಲ್ಲಿ ಒತ್ತೊತ್ತಾಗಿ ಜೋಡಿಸಿ ಬೇಯಿಸುವ ಈ ಅಡುಗೆಯನ್ನು ಬೇರೆ ಸೀಮೆಯವರು ಮುಷ್ಟಿ ಗಾತ್ರ ಮಾಡಿಕೊಂಡು ತಿನ್ನುತ್ತಾರಂತೆ. ಆದರೆ ಈ ಬುಕೊವಿನಾ ಸೀಮೆಯಲ್ಲಿ ಹಾಗೆ ಮಾಡಿದವಳ ಮನೆಗೆ ಯಾರೂ ಹೆಣ್ಣು ಕೇಳಲು ಬರುವುದಿಲ್ಲ. ಇಲ್ಲಿ ಸುರುಳಿ ಕಿರುಬೆರಳಿನಷ್ಟೇ ಇರಬೇಕು. ಗಂಡಿನ ಕಡೆಯ ಹಿರಿಯ ಒಂದನ್ನು ಅಂಗೈ ಮೇಲಿಟ್ಟು ನೋಡುತ್ತಾನೆ, ಅದರಲ್ಲೇ ಮನೆಯ ಹೆಂಗಸರ ಜಾತಕ ಓದುತ್ತಾನೆ. ಅದಕ್ಕೆಂದೇ ಝೆನೋವಿಯ ಅತ್ತೆ, ಅಂದರೆ ಸ್ತೆಫಾಳ ತಾಯಿ ಪರಾಸ್ಕಾ ಶರತ್ಕಾಲದಲ್ಲಿ ತಾನೇ ಹೊಲಕ್ಕೆ ಹೋಗಿ, ಒಂದೊಂದು ಕೋಸನ್ನೂ ಮುಟ್ಟಿ ಮುಟ್ಟಿ ಆರಿಸಿ, ಇಡಿಯಾಗಿ ಉಪ್ಪುನೀರಿನಲ್ಲಿ ಹುಳಿಗೆ ಹಾಕಿ, ನಾಲ್ಕು ತಿಂಗಳು ಕಾದಿದ್ದಳು. ಕೇರಿಯಲ್ಲೇ ಅತಿ ತೆಳ್ಳಗೆ ಸುತ್ತುವ ಕೈ ಅವಳದು. ಮೂರು ವಾರದ ಹಿಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಆ ಕೈಗೇ ಪ್ಲಾಸ್ಟರ್ ಬಿದ್ದಿತ್ತು.

ಝೆನೋವಿ ಆರು ಕೋಸನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಲೆಕ್ಕ ಹಾಕಿದ. ನೂರೈವತ್ತು ಸುರುಳಿ, ಒಂದಕ್ಕೆ ಒಂದು ನಿಮಿಷ ಎಂದರೂ ಎರಡೂವರೆ ಗಂಟೆ! ಡಿಪೋ ಕ್ಯಾಂಟೀನಿನ ಅಡುಗೆಯವ ಇದನ್ನೇ ಸುತ್ತದೆ, ಎಲ್ಲ ಕೊಚ್ಚಿ ಒಂದೇ ಪಾತ್ರೆಗೆ ಸುರಿದು, ನಲವತ್ತು ನಿಮಿಷದಲ್ಲಿ ಇಳಿಸುತ್ತಿದ್ದ. ಸೋಮಾರಿ ಹೊಲುಬ್ತ್ಸಿ ಎಂದು ಜನ ಅದಕ್ಕೆ ಹೆಸರಿಟ್ಟಿದ್ದು ಹೊಟ್ಟೆಕಿಚ್ಚಿನಿಂದ ಎಂದು ಝೆನೋವಿಯ ದೃಢವಾದ ನಂಬಿಕೆ. ಹೊಟ್ಟೆಗೆ ಹೋದ ಮೇಲೆ ಸುರುಳಿ ಬಿಚ್ಚಿಕೊಳ್ಳಲೇಬೇಕಲ್ಲ, ಅದನ್ನು ಹೊರಗೇ ಬಿಚ್ಚಿ ಕೊಟ್ಟರೆ ಹೊಟ್ಟೆಗೂ ಸಮಯ ಉಳಿತಾಯ. ಅವನು ದೊಡ್ಡ ಚೂರಿ ಎತ್ತಿಕೊಂಡು ಅಡುಗೆಮನೆಯ ಬಾಗಿಲು ಹಾಕಿಕೊಂಡ.

ನಡುಮನೆಯಲ್ಲಿ ಕೂತಿದ್ದ ಪರಾಸ್ಕಾ ಕಿವಿ ನಿಮಿರಿಸಿದಳು.

"ಝೆನೋ, ಏನದು ಟಕಟಕ ಸದ್ದು?"

"ಈರುಳ್ಳಿ, ಅತ್ತೆ."

ಐದು ನಿಮಿಷ ಕಳೆಯಿತು.

"ಇನ್ನೂ ಈರುಳ್ಳೀನಾ?"

"ಸ್ವಲ್ಪ ಜಾಸ್ತಿ ಇದೆ, ಅತ್ತೆ."

"ಎಷ್ಟು ಹೆಚ್ಚಿದ್ರೂ ನಿನ್ನ ಕಣ್ಣಲ್ಲಿ ನೀರು ಬಂದ ಹಾಗೆ ಕೇಳಿಸ್ತಿಲ್ವಲ್ಲಪ್ಪ. ಬಾಗಿಲು ತೆಗಿ."

ತೆಗೆಯಲಿಲ್ಲ. ಐದೂವರೆ ಕೋಸು ಹೆಚ್ಚುವಷ್ಟರಲ್ಲಿ ಬೀಡುಕಬ್ಬಿಣದ ದೊಡ್ಡ ಪಾತ್ರೆ ಕಂಠದವರೆಗೆ ತುಂಬಿತು. ಮಿಕ್ಕ ಅರ್ಧ ಕೋಸನ್ನು ನೀರಿನ ಬೋಗುಣಿಗೆ ಎಸೆದು, ಖೀಮಾ ಸುರಿದು, ಅಕ್ಕಿ ಕಡಿಮೆಯಾಯಿತು ಎನಿಸಿ ಒಂದು ಕಿಲೋ ಹಸಿ ಅಕ್ಕಿಯನ್ನೂ ಸುರಿದು, ಟೊಮೆಟೊ ರಸ ಹೊಯ್ದು ಒಲೆಯ ಮೇಲಿಟ್ಟ. ಹತ್ತೂವರೆಗೆ ಯೆವ್ದೋಖಾ ತೋಳು ಏರಿಸಿಕೊಂಡೇ ಬಂದಳು. ಬಾಗಿಲು ಎರಡು ಬೆರಳಗಲ ಮಾತ್ರ ತೆರೆಯಿತು.

"ಎಲ್ಲ ಮುಗೀತಕ್ಕಾ. ನೀವು ಹೋಗಿ ಸುಧಾರಿಸ್ಕೊಳ್ಳಿ."

"ನೂರೈವತ್ತೂ ಮುಗೀತಾ? ಯಾರು ಸುತ್ತಿದ್ದು?"

"ಯಾರೂ ಸುತ್ತಿಲ್ಲ, ಅದೇ ಅದರ ಗುಟ್ಟು."

ಆ ಹೆಂಗಸು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಹೊರಟುಹೋದಳು.

ಮೊದಲ ಚಮಚ ಬಾಯಿಗಿಟ್ಟಾಗ ಝೆನೋವಿಯ ಎರಡೂ ಕಿವಿ ಒಂದು ಕ್ಷಣ ಮುಚ್ಚಿಹೋದವು. ನಾಲ್ಕು ತಿಂಗಳ ಉಪ್ಪು, ನಾಲ್ಕು ತಿಂಗಳ ಹುಳಿ! ನೆನೆಹಾಕಿ ಎಂದರೆ ಹೆಂಗಸರು ಸುಮ್ಮನೆ ಹೇಳುವುದಿಲ್ಲ ಎಂಬ ಸತ್ಯ ನಾಲಿಗೆಯ ಮೂಲಕ ಒಳಗೆ ಇಳಿಯಿತು. ಅವನು ನೀರು ಹೊಯ್ದ. ನೀರು ಸಿಕ್ಕಿದ್ದೇ ತಡ, ಅಕ್ಕಿ ಅರಳತೊಡಗಿತು. ಅರಳಿ, ಉಬ್ಬಿ, ಮುಚ್ಚಳ ಎತ್ತಿ ಹೊರಗೆ ಇಣುಕಿತು. ಅರ್ಧ ತೆಗೆದು ಸೂಪಿನ ಪಾತ್ರೆಗೆ ಹಾಕಿದ. ಅಲ್ಲಿಯೂ ಉಬ್ಬಿತು. ಹಾಲಿನ ಪಾತ್ರೆಗೆ ಹಾಕಿದ, ಕೊನೆಗೆ ಎನಾಮಲ್ ಬಕೆಟ್ಟಿಗೂ ಹಾಕಿದ. ಒಂದೇ ಪಾತ್ರೆಯ ಅಡುಗೆ ಹನ್ನೊಂದು ಗಂಟೆಗೆ ನಾಲ್ಕು ಪಾತ್ರೆಯಲ್ಲಿ ಕುದಿಯುತ್ತಿತ್ತು, ನಾಲ್ಕರಲ್ಲೂ ಉಪ್ಪು ಕಾರುತ್ತಿತ್ತು.

ಸಕ್ಕರೆ ಹಾಕಿದ. ಆಲೂಗಡ್ಡೆ ಹಾಕಿದ, ಕ್ಯಾರೆಟ್ ಹಾಕಿದ. ಮೂರೂ ಸೋತವು. ಸಿಹಿಯೂ ಇರಬೇಕು, ಉಪ್ಪನ್ನೂ ಹೀರಬೇಕು, ಅಂಥದ್ದು ಇನ್ನೇನಿದೆ? ಇತ್ತು. ಹಿಂದಿನ ಕೋಣೆಯ ಮಂಚದ ಕೆಳಗೆ ಮೂರು ಕುಂಬಳಕಾಯಿ ಇದ್ದವು.

ಅವು ಅಲ್ಲಿ ಯಾಕಿದ್ದವು ಎಂಬುದನ್ನು ಆ ಊರಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಳಲು ಬಂದ ಗಂಡು ಬೇಡ ಎನಿಸಿದರೆ ಹುಡುಗಿ ಬಾಯಿಬಿಟ್ಟು ಬೇಡ ಎನ್ನುವುದಿಲ್ಲ. ಒಳಗಿನಿಂದ ಒಂದು ಕುಂಬಳಕಾಯಿ ತಂದು ಕೈಗೆ ಕೊಡುತ್ತಾಳೆ. ಅದನ್ನು ಹೊತ್ತುಕೊಂಡು ಊರ ಬೀದಿಯಲ್ಲಿ ಹೋದ ಗಂಡನ್ನು ಮೊಮ್ಮಕ್ಕಳಾಗುವವರೆಗೂ ಜನ ಆಡಿಕೊಳ್ಳುತ್ತಾರೆ. ಅದಕ್ಕೇ ಗಂಡಿನ ಕಡೆಯವರು ಬರುವ ದಿನ ಮನೆಯಲ್ಲಿ ಕುಂಬಳಕಾಯಿಯ ನೆರಳೂ ಕಾಣಬಾರದು ಎಂದು ಸ್ತೆಫಾ ಗುರುವಾರವೇ ಅವನ್ನು ಒಳಗೆ ತಳ್ಳಿದ್ದಳು.

ಝೆನೋವಿಗೆ ಇದೆಲ್ಲ ಗೊತ್ತಿತ್ತು. ಆದರೆ ಇಡೀ ಕಾಯಿಯನ್ನು ಕೈಗೆ ಕೊಟ್ಟರೆ ತಾನೇ ಅವಮಾನ? ತುರಿದರೆ ಅದು ಬರೀ ತರಕಾರಿ. ಟೊಮೆಟೊ, ಕ್ಯಾರೆಟ್ಟಿನ ನಡುವೆ ಇನ್ನೊಂದು ಕೆಂಪು ಯಾರಿಗೆ ಕಾಣುತ್ತದೆ ಎಂದುಕೊಂಡು ಒಂದನ್ನು ಪೂರ್ತಿ ತುರಿದು ನಾಲ್ಕೂ ಪಾತ್ರೆಗೆ ಹಂಚಿದ. ಅರ್ಧ ಗಂಟೆಯ ಮೇಲೆ ರುಚಿ ನೋಡಿದರೆ ಉಪ್ಪು ಮಾಯ, ಹುಳಿ ಹದ, ಬಾಯಿಗೆ ಹಿತವಾದ ಒಂದು ಸಿಹಿ. ಅವನಿಗೆ ತನ್ನ ಮೇಲೆ ತನಗೇ ಗೌರವ ಹುಟ್ಟಿತು.

ಹನ್ನೆರಡಕ್ಕೆ ತಾಯಿ ಮಗಳು ಬಂದರು. ಸ್ತೆಫಾ ಒಲೆಯ ಮೇಲಿನ ನಾಲ್ಕು ಪಾತ್ರೆಗಳನ್ನು ನೋಡಿದಳು, ಬೋಗುಣಿಯನ್ನು ನೋಡಿದಳು.

"ಝೆನೋ, ಎಲೆ ಎಲ್ಲಿ?"

"ಇದರಲ್ಲೇ ಇದೆ."

"ಯಾವುದರಲ್ಲಿ?"

"ನಾಲ್ಕರಲ್ಲೂ."

ಸ್ತೆಫಾ ಕೋಟು ಬಿಚ್ಚುವುದನ್ನೂ ಮರೆತು ಸ್ಟೂಲಿನ ಮೇಲೆ ಕುಸಿದಳು. ಹಿಂದಿನಿಂದ ಬಂದ ಪರಾಸ್ಕಾ ಮುಚ್ಚಳ ಎತ್ತಿ ಒಳಗೆ ನೋಡಿ, ಸತ್ತವರ ಮುಖಕ್ಕೆ ಬಟ್ಟೆ ಎಳೆದಂತೆ ಮೆಲ್ಲಗೆ ಮತ್ತೆ ಮುಚ್ಚಿದಳು.

"ಅಪ್ಪಾ," ಒರಿಸ್ಲಾವಾ ಹೊಸದಾಗಿ ಕಟ್ಟಿಸಿಕೊಂಡ ಕೂದಲನ್ನು ಹಿಡಿದುಕೊಂಡೇ ಕೇಳಿದಳು, "ತಮಗೋಸ್ಕರ ಸುತ್ತೋಷ್ಟೂ ಇವರಿಗೆ ಪುರುಸೊತ್ತಿರಲಿಲ್ಲ ಅಂತ ತಾನೇ ಅವರು ತಿಳ್ಕೊಳ್ಳೋದು? ಯರೆಮಾ ಮುಖ ನಾನು ಹ್ಯಾಗೆ ನೋಡ್ಲಿ?"

ಮಗಳ ಕಣ್ಣು ತುಂಬಿದ್ದನ್ನು ಝೆನೋವಿ ಕಂಡ. ಕುಂಬಳಕಾಯಿಯ ವಿಷಯ ಹೇಳಲು ಅದು ಸರಿಯಾದ ಹೊತ್ತಲ್ಲ ಎನಿಸಿತು. ಆಮೇಲೆ ಸರಿಯಾದ ಹೊತ್ತು ಬರಲೇ ಇಲ್ಲ.

ಎರಡು ಗಂಟೆಗೆ ಸರಿಯಾಗಿ ಮೂರು ಜನ ಬಂದರು. ಮುಂದೆ ಹಿರಿಯ ಪ್ರೊಕಿಪ್, ಎಪ್ಪತ್ತರ ಜೇನು ಸಾಕಣೆಗಾರ, ಅವನು ಕೂಡಿಸಿದ ಜೋಡಿಗಳೇ ಅರ್ಧ ಊರು. ಅವನ ಹಿಂದೆ ಬಾಯಿ ಬಿಡದ ಒಬ್ಬ ಚಿಕ್ಕಪ್ಪ, ಕೊನೆಗೆ ಕೆಂಪಾದ ಕಿವಿಗಳ ಯರೆಮಾ. ದಾರಿ ತಪ್ಪಿದ ಬೇಟೆಗಾರರು ನಾವು, ಒಂದು ಚೆಂದದ ಪ್ರಾಣಿಯ ಹೆಜ್ಜೆ ಹಿಡಿದು ಬಂದೆವು, ಹೆಜ್ಜೆ ನಿಮ್ಮ ಹೊಸಿಲಿಗೇ ಬಂದು ನಿಂತಿದೆ ಎಂದು ಪ್ರೊಕಿಪ್ ಶಾಸ್ತ್ರದ ಮಾತು ಹೇಳಿದ. ಎಲ್ಲರೂ ಕೂತರು. ಸ್ತೆಫಾ ಬಡಿಸಿದಳು.

ಪ್ರೊಕಿಪ್ ಅಭ್ಯಾಸಬಲದಿಂದ ಅಂಗೈ ಚಾಚಿದ. ಅಂಗೈ ಮೇಲೆ ಇಡಲು ಏನೂ ಸಿಗದೆ ಕೈ ಹಿಂದಕ್ಕೆ ತೆಗೆದುಕೊಂಡ.

"ಇದೇನಮ್ಮಾ?"

"ಹೊಸ ರೀತಿದು," ಎಂದಳು ಸ್ತೆಫಾ.

ಅವನು ಒಂದು ಚಮಚ ತಿಂದ. ಹುಬ್ಬು ಮೇಲೇರಿತು. ಇನ್ನೊಂದು ತಿಂದ. ತಟ್ಟೆ ಖಾಲಿಯಾಯಿತು, ಮತ್ತೆ ತಟ್ಟೆ ಮುಂದಕ್ಕೆ ಬಂತು. "ನಲವತ್ತು ವರ್ಷದಿಂದ ಮನೆಮನೆಯಲ್ಲಿ ತಿಂದಿದ್ದೀನಿ. ಇಂಥದ್ದು ತಿಂದಿಲ್ಲ. ಯಾರ ಕೈಯಡುಗೆ?"

ಇಂಥ ಪ್ರಶ್ನೆ ಕೇಳಿದಾಗ ಸುಮ್ಮನಿರುವ ಶಕ್ತಿ ದೇವರು ಝೆನೋವಿಗೆ ಕೊಟ್ಟಿರಲಿಲ್ಲ. "ನಂದೇ," ಎಂದ ಎದೆಯುಬ್ಬಿಸಿ. "ಸುತ್ತೋ ರಗಳೆ ಇಲ್ಲ. ಕೋಸು, ಖೀಮಾ, ಅಕ್ಕಿ, ಟೊಮೆಟೊ, ಆಲೂಗಡ್ಡೆ, ಕ್ಯಾರೆಟ್..." ಅಲ್ಲಿಗೆ ಬಸ್ಸು ನಿಂತಿತು.

"ಆಮೇಲೆ?"

"ಆಮೇಲೆ ಉಪ್ಪು."

"ಉಪ್ಪಲ್ಲಪ್ಪ. ಈ ಸಿಹಿ ಎಲ್ಲಿಂದ ಬಂತು?"

ಅಷ್ಟರಲ್ಲಿ ಯರೆಮಾ ತಿನ್ನುವುದನ್ನು ನಿಲ್ಲಿಸಿದ್ದ. ಬಾಯಿಂದ ಏನನ್ನೋ ಎರಡು ಬೆರಳಲ್ಲಿ ತೆಗೆದು ತಟ್ಟೆಯ ಅಂಚಿನ ಮೇಲೆ ಇಟ್ಟ. ಬಿಳಿಯ, ಚಪ್ಪಟೆಯ, ದುಂಡು ಅಂಚಿನ ಒಂದು ಬೀಜ. ಆ ಊರಿನಲ್ಲಿ ಅದನ್ನು ಗುರುತಿಸದ ಕೂಸು ಇಲ್ಲ. ಝೆನೋವಿಯ ಕೈ ತಾನಾಗಿಯೇ ಮೇಲೆ ಹೋಗಿ ಹೆಗಲು ಒರೆಸಿಕೊಂಡಿತು.

ಯರೆಮಾ ಮೆಲ್ಲಗೆ ಎದ್ದು ನಿಂತ. "ಒರಿಸ್ಯಾ," ಎಂದ, "ಬೇಡ ಅನ್ನೋದಿದ್ರೆ ಫೋನಲ್ಲೇ ಹೇಳ್ಬೋದಿತ್ತು. ಊಟದಲ್ಲಿ ಮುಚ್ಚಿ ಕೊಡಬೇಕಿರಲಿಲ್ಲ."

ಒರಿಸ್ಲಾವಾ ಬಿಳಿಚಿಕೊಂಡಳು. ಪ್ರೊಕಿಪ್ ಟೋಪಿಗೆ ಕೈ ಹಾಕಿದ. ಸ್ತೆಫಾ ಅವನ ದಾರಿಗೆ ಅಡ್ಡ ನಿಂತಳು.

"ಅಯ್ಯೋ ಇಲ್ಲ, ಇದು ಕುಂಬಳಕಾಯಿ ಅಲ್ಲ. ಇರೋಕೆ ಸಾಧ್ಯವೇ ಇಲ್ಲ. ಇದ್ದ ಮೂರನ್ನೂ ನಾನೇ ಕೈಯಾರೆ ಮಂಚದ ಕೆಳಗೆ..."

"ಮೂರು ತೆಗೆದಿಟ್ಟಿದ್ರಾ?" ಪ್ರೊಕಿಪ್ ನಿಧಾನವಾಗಿ ಕೇಳಿದ. "ಬಂದಿರೋದೂ ಮೂರೇ ಜನ. ಲೆಕ್ಕ ಚೆನ್ನಾಗಿದೆ."

ಝೆನೋವಿಗೆ ಜೀವನದಲ್ಲಿ ಮೊದಲ ಸಲ ಒಂದು ನಿಮಿಷ ಎಷ್ಟು ಉದ್ದ ಎಂಬುದು ಗೊತ್ತಾಯಿತು. "ನಾನು ಹಾಕಿದ್ದು," ಎಂದ. "ಇವರಿಗೆ ಯಾರಿಗೂ ಗೊತ್ತಿಲ್ಲ. ನೆನೆಹಾಕು ಅಂದ್ಲು, ಹಾಕಲಿಲ್ಲ. ಮುಟ್ಟಬೇಡ ಅಂದ್ಲು, ಮುಟ್ಟಿದೆ. ಯೆವ್ದೋಖಾನೂ ವಾಪಸ್ ಕಳಿಸ್ದೆ. ಉಪ್ಪಾಗಿತ್ತು, ತೆಗೆಯೋಕೆ ತುರಿದು ಹಾಕ್ದೆ. ಮಗಳ ಮೇಲಾಣೆ, ಅವಳದು ಏನೂ ತಪ್ಪಿಲ್ಲ. ನಾನೇ ಕತ್ತೆ."

ಯಾರೂ ಅದನ್ನು ಅಲ್ಲಗಳೆಯಲಿಲ್ಲ. ಟೋಪಿ ಪ್ರೊಕಿಪ್‌ನ ಕೈಯಲ್ಲೇ ಇತ್ತು. ಬಾಯಿ ಬಿಡದ ಚಿಕ್ಕಪ್ಪ ಮಾತ್ರ ತಿನ್ನುತ್ತಲೇ ಇದ್ದ.

ಆಗ ಒರಿಸ್ಲಾವಾ ಎದ್ದಳು.

"ಪ್ರೊಕಿಪ್ ತಾತ, ಕುಂಬಳಕಾಯಿ ಕೊಡೋದು ಯಾರ ಹಕ್ಕು?"

"ಹುಡುಗೀದು."

"ಕೈಯಲ್ಲೇ ಕೊಡ್ಬೇಕು ತಾನೆ?"

"ಅದೇ ಪದ್ಧತಿ."

"ನಾನು ಕೊಟ್ಟಿಲ್ಲ. ಅಪ್ಪ ತುರಿದು ಹಾಕಿದ್ದು. ಅಪ್ಪನ್ನ ಕೇಳೋಕೆ ಯಾರೂ ಬಂದಿಲ್ವಲ್ಲ."

ಅವಳು ಒಳಗೆ ಹೋಗಿ ಕಸೂತಿಯ ಉದ್ದ ವಸ್ತ್ರಗಳನ್ನು ತಂದು, ಯಾರ ಅಪ್ಪಣೆಗೂ ಕಾಯದೆ ಪ್ರೊಕಿಪ್‌ನ ಹೆಗಲಿಗೆ ಒಂದನ್ನು, ಚಿಕ್ಕಪ್ಪನ ಹೆಗಲಿಗೆ ಒಂದನ್ನು ಅಡ್ಡಡ್ಡ ಕಟ್ಟಿದಳು. ಅದು ಹೂಂ ಎಂದ ಹಾಗೆ. ಯರೆಮಾ ದೊಪ್ಪನೆ ಕುರ್ಚಿಯ ಮೇಲೆ ಕೂತು ಮುಖ ಒರೆಸಿಕೊಂಡ. ಟೋಪಿ ಗೂಟಕ್ಕೆ ವಾಪಸಾಯಿತು. ಝೆನೋವಿ ಗೋಡೆಗೆ ಒರಗಿಕೊಂಡು, ಎಷ್ಟು ಹೊತ್ತು ಎಂದು ಲೆಕ್ಕ ಇಡದೆ ಉಸಿರು ಬಿಟ್ಟ.

"ಆಯ್ತು," ಎಂದ ಪ್ರೊಕಿಪ್. "ಆದ್ರೆ ಸುತ್ತಿದ್ದು ಒಂದಾದ್ರೂ ತಿನ್ನದೆ ನಾನು ಶುಭ ಹಾರೈಸೋ ಲೋಟ ಎತ್ತಲ್ಲ. ನನ್ನ ಹೆಂಡ್ತಿಗೆ ಹೋಗಿ ಏನು ಹೇಳ್ಲಿ?"

ಬೋಗುಣಿಯ ಅರ್ಧ ಕೋಸು ಹೊರಬಂತು. ಖೀಮಾ ಕಲೆಸಿದ್ದ ಪಾತ್ರೆಯ ತಳ ಕೆರೆದಾಗ ಎರಡು ಹಿಡಿ ಸಿಕ್ಕಿತು. ಪರಾಸ್ಕಾ ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟು ಪೀಠ ಏರಿದಳು. "ಬಾ," ಎಂದಳು ಝೆನೋವಿಗೆ, "ಬಿಚ್ಚಿದವನೇ ಸುತ್ತು."

ಅವನು ಸುತ್ತಿದ್ದು ಮೇಜಿನ ಮೇಲಿಟ್ಟ ಕೂಡಲೇ ಬಿಚ್ಚಿಕೊಂಡು ಬಾಯಿ ತೆರೆಯಿತು. ಎರಡನೆಯದರ ಎಲೆ ನಡುವೆಯೇ ಹರಿಯಿತು. ಮೂರನೆಯದು ಅವನ ಬೂಟಿನ ಗಾತ್ರಕ್ಕೆ ಬಂತು. ಎದುರಿಗೆ ಕೂತಿದ್ದ ಯರೆಮಾ ಸ್ವಲ್ಪ ಹೊತ್ತು ನೋಡಿ, ಸುಮ್ಮನೆ ಎದ್ದುಹೋಗಿ ಕೈ ತೊಳೆದು ಬಂದ. ಎಲೆಯ ದಪ್ಪ ನಾರನ್ನು ಚೂರಿಯಲ್ಲಿ ಹೆರೆದು, ಚಿಟಿಕೆಯಷ್ಟು ಖೀಮಾ ಇಟ್ಟು, ಒಂದು ಉರುಳು ಉರುಳಿಸಿ, ತುದಿಯನ್ನು ಕಿರುಬೆರಳಲ್ಲಿ ಒಳಗೆ ಒತ್ತಿದ. ಕರುವಿನ ಗಾಯ ಹೊಲಿಯುವವನ ಕೈ. ಹನ್ನೆರಡು ಸುರುಳಿ ಹನ್ನೆರಡು ಕಿರುಬೆರಳಿನಂತೆ ಸಾಲಾಗಿ ಮಲಗಿದವು. ಪರಾಸ್ಕಾ ಒಂದನ್ನು ಎತ್ತಿ ಅಂಗೈ ಮೇಲಿಟ್ಟು ಅತ್ತ ಇತ್ತ ತಿರುಗಿಸಿದಳು. ಬೆಳಗಿನಿಂದ ಬಿಗಿದಿದ್ದ ಅವಳ ಮುಖ ಮೆಲ್ಲಗೆ ಸಡಿಲವಾಯಿತು.

"ಸ್ತೆಫಾ," ಎಂದಳು, ಝೆನೋವಿಯ ಕಡೆ ತಿರುಗಿಯೂ ನೋಡದೆ, "ನಿನ್ನ ಮದುವೆಯಾದಾಗಿನಿಂದ ಇಪ್ಪತ್ತಾರು ವರ್ಷ ಕಾದೆ ಕಣೇ. ಅಂತೂ ಈ ಮನೆಗೆ ಒಬ್ಬ ಅಳಿಯ ಬಂದ."