ಬಾಗಿಲ ಪಕ್ಕದ ಟ್ರಂಕು

ನಮ್ಮ ಸೋದರಮಾವ ಕುಡಿತ ಬಿಟ್ಟಿದ್ದಾರೆಂದು ಕಂಪ್ಲಿಯಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ! ಅವರು ಬಿಟ್ಟಿಲ್ಲ. ಇವತ್ತೊಂದು ದಿನ ಕುಡಿಯುವುದಿಲ್ಲ, ಅಷ್ಟೆ.

ಕಾಲುವೆ ನೀರು ಬಂದು ಕಬ್ಬು ಎದ್ದು ನಿಂತಾಗ ಊರಿನವರು ಮನೆ ಕಟ್ಟಿಸಿದರು, ರೇಡಿಯೋ ತಂದರು. ಮಾವ ಕುಡಿದರು. ಕಾಲುವೆಯಾದರೂ ಬೇಸಿಗೆಯಲ್ಲಿ ಬಂದ್ ಆಗುತ್ತಿತ್ತು, ಇವರದು ಆಗಲಿಲ್ಲ! ಕಡೆಗೊಂದು ದಿನ ಅತ್ತೆ ಟ್ರಂಕಿಗೆ ಸೀರೆ ತುಂಬಿಕೊಂಡು ದರೋಜಿಯ ತವರಿಗೆ ಹೊರಟರು. ಮಾವ ಕೊರಳಿನ ಲಿಂಗ ಹಿಡಿದು ಬಾಗಿಲಿಗೆ ಅಡ್ಡ ನಿಂತರು.

"ಇವತ್ತ ಮುಟ್ಟಂಗಿಲ್ಲ. ಲಿಂಗದಾಣಿ."

"ಹಂಗಾರ ನಾನೂ ಇವತ್ತ ಹೋಗಂಗಿಲ್ರಿ. ನಾಳಿಂದು ನಾಳೆ ನೋಡೂಣು," ಎಂದ ಅತ್ತೆ ಟ್ರಂಕನ್ನು ಬಾಗಿಲ ಪಕ್ಕದಲ್ಲೇ ಇಳಿಸಿದರು.

ಅಂದಿನಿಂದ ಅದು ಅಲ್ಲೇ. ನಾನು ಅದಕ್ಕೆ ಎಡವಿ ಹೆಬ್ಬೆರಳು ಜಜ್ಜಿಕೊಂಡಿದ್ದೂ ಉಂಟು. ಒಳಗಿಡಬಾರದೇ ಎಂದರೆ ಅತ್ತೆ, "ಇರ್ಲಿ ಬಿಡು, ಕೈಗೆ ಸಿಗಂಗ ಇರಬೇಕು," ಎನ್ನುವರು.

ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ಹನಿ ನೀರೂ ಹಾಕಬಾರದು, ಇದು ನಮ್ಮ ಮನೆಯ ಪದ್ಧತಿ. ಹಾಗಾಗಿ ಎಲ್ಲರೂ ಬೆಳಿಗ್ಗೆ ಪೂಜೆ ಮುಗಿಸಿಬಿಡುತ್ತೇವೆ. ಮಾವನದು ಹಾಗಲ್ಲ, ಕುಡಿಯುವ ಆಸೆ ಹುಟ್ಟಿದಾಗಲೆಲ್ಲ ಪೂಜೆ! ಎಲ್ಲಿದ್ದರೂ ಸರಿ, ಟವೆಲ್ ಹಾಸಿ, ವಿಭೂತಿ ಬಳಿದು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತುಬಿಡುವರು. ಆಸೆ ಹೋಗುವ ತನಕ ಏಳರು.

ಒಮ್ಮೆ ಹೊಸಪೇಟೆಯಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲು, ಪಕ್ಕದಲ್ಲೇ ಸಾರಾಯಿ ಅಂಗಡಿ. ಕೇಳಬೇಕೆ? ಮಾವ ಕಬ್ಬಿನ ಹೊರೆಯ ಮೇಲೇ ಪೂಜೆಗೆ ಕೂತರು! ಸಾಲು ಮುಂದೆ ಸರಿಯಿತು, ಇವರ ಗಾಡಿ ಸರಿಯಲಿಲ್ಲ.

"ಯಜಮಾನ್ರ, ಜಲ್ದಿ ಗಾಡಿ ಹೊಡೀರಿ! ಶಿವ ಏನು ಓಡಿ ಹೋಗ್ತಾನೇನು?" ಎಂದು ಹಿಂದಿನವನು ಕೂಗಿದ.

ಮಾವ ಕಣ್ಣು ಬಿಡದೆ ಹೇಳಿದರು: "ಶಿವ ಓಡಂಗಿಲ್ಲಪ. ಓಡಾಂವ ನಾನು."

ಮಠದ ಸ್ವಾಮಿಗಳು ಇದನ್ನು ಕೇಳಿ ಮೆಚ್ಚಿ, ಜೀವನಪೂರ್ತಿ ಕುಡಿಯುವುದಿಲ್ಲವೆಂದು ಆಣೆ ಮಾಡು ಎಂದರು. ಮಾವ ಗಾಬರಿಯಾದರು. "ಬ್ಯಾಡ್ರಿ ಅಜ್ಜಾರ! ಜೀವನಪೂರ್ತಿ ಅಂದ್ರ ಈಗ ಬಾಯಿ ಒಣಗ್ತೈತಿ. ಇವತ್ತಿಂದು ಕೇಳ್ರಿ, ಕೊಡ್ತೀನಿ."

ಹೀಗೆ ಇವತ್ತು ಇವತ್ತು ಎನ್ನುತ್ತಲೇ ಮಾವನ ಮೀಸೆ ಬೆಳ್ಳಗಾಯಿತು. ಮೊನ್ನೆ ದೀಪಾವಳಿಗೆ ಸುಣ್ಣ ಹಚ್ಚಲು ಸಾಮಾನು ಸರಿಸುವ ಕೆಲಸ ನನಗೆ ಬಿತ್ತು. ಮೈಯೆಲ್ಲ ಬಿಗಿಹಿಡಿದು ಟ್ರಂಕು ಎತ್ತಿದೆ ನೋಡಿ, ಹಿಂದಕ್ಕೆ ಬೀಳುವುದೊಂದು ಬಾಕಿ! ತೆರೆದರೆ ಒಂದು ಸೀರೆಯೂ ಇಲ್ಲ.

ಅತ್ತೆ ಓಡಿ ಬಂದರು. "ಮುಚ್ಚಲೇ! ನಿಮ್ಮ ಮಾವ ನೋಡ್ಯಾರು. ಸೀರಿ ಎಂದೋ ತಗದೀನಿ. ಅವರನ್ನ ಬಿಟ್ಟು ನಾ ಎಲ್ಲಿಗೆ ಹೋಗ್ಲಿ?"

ಸಂಜೆ ಕಟ್ಟೆಯ ಮೇಲೆ ಟವೆಲ್ ಹಾಸುತ್ತಿದ್ದ ಮಾವ ನನ್ನನ್ನು ಹತ್ತಿರ ಕರೆದರು.

"ಟ್ರಂಕು ಭಾಳ ಹಗರ ಐತಿ, ಹೌದಿಲ್ಲೋ?"

"ನಿಮಗ ಗೊತ್ತಿತ್ತಾ ಮಾವಾ!"

"ಎಂದೋ ಒಂದಿನ ಕಾಲು ಬಡದು ಸರಕ್ಕಂತ ಸರೀತು. ಸೀರಿ ತುಂಬಿದ್ದು ಹಂಗ ಸರೀತೈತೇನು? ಆಕಿಗೆ ಹೇಳಬ್ಯಾಡ."

"ಮತ್ತ ಇನ್ನೂ ಯಾಕ ಹಿಂಗ ಕುಂದರ್ತೀರಿ?"

"ಹೆದರಿಸಾಕ ಇಟ್ಟಾಗ ಒಂದಿನ ತಪ್ಪಿದ್ರೂ ನಡೀತಿತ್ತೇನೋ. ನಂಬಿ ಖಾಲಿ ಮಾಡ್ಯಾಳಲ್ಲಪ. ಇವತ್ತಂತೂ ಆಗಂಗಿಲ್ಲ," ಎಂದು ಕಣ್ಣು ಮುಚ್ಚಿದರು.

ನಾನು ಒಳಗೆ ಹೋಗಿ ಆ ಟ್ರಂಕನ್ನು, ಬಹಳ ಭಾರವಿದೆಯೆಂಬಂತೆ ಎರಡೂ ಕೈಯಲ್ಲಿ ಎತ್ತಿ, ಬಾಗಿಲ ಪಕ್ಕದಲ್ಲೇ ಇಟ್ಟೆ.